ಸೊನ್ನೆ ಉಳಿಸಿಕೊಳ್ಳೋ ಕಷ್ಟ

ಜಾತ್ರೇಲಿ ಬಲೂನಿಗೆ ಹೊಡೆದಿದ್ದೀರಲ್ಲ? ಈಡು ತಪ್ಪಿದ ಕೂಡಲೇ ಏನು ಮಾಡಿದ್ರಿ, ನೆನಪು ಮಾಡ್ಕೊಳ್ಳಿ. ಬಲೂನು ನೋಡಲಿಲ್ಲ, ಕೋವಿ ನೋಡಿದ್ರಿ. ಆಮೇಲೆ ಅಂಗಡಿಯವನನ್ನ ನೋಡಿ “ನಳಿಗೆ ಸೊಟ್ಟ ಇದೆ ಕಣಯ್ಯಾ” ಅಂದ್ರಿ. (ಪಕ್ಕದಲ್ಲಿ ಹೆಂಡತಿ ಇದ್ರೆ ಸ್ವಲ್ಪ ಜೋರಾಗೇ.) ಅಲ್ಲಿ ಅದು ನಿಜವೂ ಇರಬಹುದು ಬಿಡಿ. ಈಗ ಮನೇಲಿ ನಿಮ್ಮದೇ ಏರ್‌ಗನ್ ಇದೆಯಲ್ಲ ಮಾರಾಯ್ರೆ, ಅದಕ್ಕೂ ಇದೇ ಮಾತಾ?

ಸ್ಕೂಲಲ್ಲಿ ಲೆಕ್ಕದ ಪೇಪರಿಗೆ ಸೊನ್ನೆ ಸಲೀಸಾಗಿ ಬರ್ತಿತ್ತು. ಇಲ್ಲಿ ಅದೇ ಸೊನ್ನೆಗೆ ಸ್ಕೋಪು, ಸ್ಕ್ರೂಡ್ರೈವರು, ಇಡೀ ಒಂದು ಭಾನುವಾರ ಖರ್ಚು. ಸ್ಕೋಪಿನ ಗೆರೆ ಎಲ್ಲಿ ಕೂರುತ್ತೋ ಪೆಲೆಟ್ಟೂ ಅಲ್ಲೇ ಬೀಳಬೇಕು, ಅದಕ್ಕೆ ‘ಝೀರೋ’ ಅಂತ ಹೆಸರು. ಕೂರಿಸೋದೇನೋ ಕೂರಿಸ್ತೀರಿ. ಮುಂದಿನ ಭಾನುವಾರದವರೆಗೆ ಉಳಿಯುತ್ತಾ?

ಉಳಿಯೋಕೆ ನೀವೆಲ್ಲಿ ಬಿಡ್ತೀರಿ! ಕೊಟ್ಟಿಗೆ ಹಿಂದೆ ಮಣ್ಣು ತುಂಬಿದ ಗೋಣಿಚೀಲ, ಅದಕ್ಕೆ ಚುಚ್ಚಿದ ಹಳೇ ಕ್ಯಾಲೆಂಡರ್ ಹಾಳೆ. ಮೊದಲ ಈಡು ಎಡಕ್ಕೆ ಹೋಯ್ತು. ಕೈ ಆಗಲೇ ಸ್ಕೋಪಿನ ತಿರುಪಿನ ಮೇಲೆ! ಕ್ಲಿಕ್, ಕ್ಲಿಕ್. ಎರಡನೇದು ಬಲಕ್ಕೆ. ಮತ್ತೆ ಕ್ಲಿಕ್. ಮಧ್ಯಾಹ್ನದ ಹೊತ್ತಿಗೆ ಹಾಳೆ ಜರಡಿ, ನೀವು ಹೈರಾಣ.

ಲೆಕ್ಕ ಕೇಳಿ. ಮಾಮೂಲಿ ಸ್ಕೋಪಲ್ಲಿ ಒಂದು ಕ್ಲಿಕ್ಕಿಗೆ 10 ಮೀಟರ್ ದೂರದಲ್ಲಿ ಗುರಿ ಸರಿಯೋದು ಸುಮಾರು 0.7 ಮಿಲಿಮೀಟರ್. ಪೆಲೆಟ್ಟೇ 4.5 ಮಿಲಿಮೀಟರ್ ದಪ್ಪ. ನಾಲ್ಕು ಕ್ಲಿಕ್ ತಿರುಗಿಸಿದ್ರೂ ಅದು ತನ್ನ ಮೈಯಗಲದಷ್ಟೂ ಸರಿಯಲ್ಲ. ನೀವು ತಪ್ಪಿದ್ದು ಒಂದು ಗೇಣು! ಮೊದಲು ತಿರುಪು ಮುಟ್ಟದೆ ಐದು ಪೆಲೆಟ್ ಒಂದೇ ಸಮ ಹೊಡೀರಿ. ಐದೂ ಒಂದೇ ಕಡೆ ಗುಂಪಾಗಿ ಬಿದ್ರೆ ತಿರುಪು ಮುಟ್ಟಿ. ಚೆಲ್ಲಾಪಿಲ್ಲಿ ಆದ್ರೆ? ತಿರುಪು ಬೇಕಾಗಿರೋದು ಬೇರೆ ಕಡೆ. (ಎಲ್ಲಿ ಅಂತ ನಾನು ಹೇಳಲ್ಲ.)

ಇನ್ನು ಹಿಡಿಯೋ ಚಂದ. ಕಳ್ಳನ ಕುತ್ತಿಗೆ ಹಿಡಿದ ಹಾಗೆ ಹಿಡೀತೀರಿ, ಹೌದಾ ಇಲ್ವಾ? ನಿಮ್ಮ ಏರ್‌ಗನ್ ಸ್ಪ್ರಿಂಗ್ ಕೋವಿ, ವಿಚಿತ್ರ ಪ್ರಾಣಿ. ಕುದುರೆ ಎಳೆದ ತಕ್ಷಣ ಒಳಗಿನ ಪಿಸ್ಟನ್ ಮುಂದೆ ನುಗ್ಗುತ್ತೆ, ಕೋವಿ ಹಿಂದೆ ಒದೆಯುತ್ತೆ, ಮರುಕ್ಷಣ ಮುಂದಕ್ಕೂ ಎಗರುತ್ತೆ. ಪೆಲೆಟ್ ಇನ್ನೂ ನಳಿಗೆ ಬಿಡೋದ್ರೊಳಗೇ ಈ ಕುಣಿತ ಶುರು. ಬಿಗಿಯಾಗಿ ಅದುಮಿದ್ರೆ ಪ್ರತಿಸಲ ಬೇರೆ ಬೇರೆ ಥರ ಕುಣಿಯುತ್ತೆ. ಅಂಗೈ ಮೇಲೆ ಹುರಿದ ಹಪ್ಪಳ ಇದೆ ಅಂದ್ಕೊಂಡು ಸಡಿಲ ಬಿಡಿ, ಪ್ರತಿಸಲ ಅದೇ ಜಾಗದಲ್ಲಿ. ಇದೇ ಕುಣಿತಕ್ಕೆ ಮರದ ಹಿಡಿಯ ಸ್ಕ್ರೂಗಳೂ ಸ್ಕೋಪಿನ ಕ್ಲಾಂಪೂ ಸಡಿಲ ಆಗೋದು. ಅವನ್ನ ಕೊನೇ ಸಲ ಬಿಗಿ ಮಾಡಿದ್ದು ಯಾವಾಗ? ಕೇಳಬಾರದಿತ್ತು, ಅಲ್ವಾ?

ಈಗ ಗುಟ್ಟಿನ ವಿಷಯ. ಹತ್ರ ಬನ್ನಿ. ಕೋವಿ ಒಳಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ದೀರಲ್ವಾ? ಬಾಗಿಲ ಕೀಲು, ತಲೆ, ಸೈಕಲ್ ಚೈನು ಎಲ್ಲಕ್ಕೂ ಅದೇ ಬಾಟ್ಲಿ ನಮ್ಮದು, ಗೊತ್ತು ಬಿಡಿ. ಆದ್ರೆ ಪಿಸ್ಟನ್ ಗಾಳಿಯನ್ನ ಒತ್ತಿದಾಗ ಹುಟ್ಟೋ ಬಿಸಿಗೆ ಆ ಎಣ್ಣೆ ಡೀಸೆಲ್ ಎಂಜಿನ್ನಿನ ಹಾಗೆ ಹೊತ್ತಿಕೊಳ್ಳುತ್ತೆ. ಢಮಾರ್! ಬಾಯಿಂದ ಹೊಗೆ. “ಆಹಾ, ಪವರ್ ಜಾಸ್ತಿ ಆಯ್ತು” ಅಂತ ನೀವು ಮೀಸೆ ತಿರುವ್ತೀರಿ. ಒಳಗೆ ಸೀಲು ಸುಡ್ತಾ ಇದೆ, ಒಂದೊಂದು ಈಡಿಗೂ ಒಂದೊಂದು ವೇಗ. ಸೊನ್ನೆ ಎಲ್ಲಿಂದ ನಿಲ್ಲಬೇಕು? (ನಾನೂ ಬಿಟ್ಟಿದ್ದೆ. ಅಟ್ಟದಿಂದ ಬೆಕ್ಕು ಬಿತ್ತು.)

ಇನ್ನು ಪೆಲೆಟ್ಟು? ಅಂಗಿ ಜೇಬಲ್ಲಿ, ಬೈಕಿನ ಕೀ ಜೊತೆ. ಅದರ ಹಿಂದಿನ ತೆಳು ಅಂಚು ನುಗ್ಗಾದ್ರೆ ಮುಗೀತು, ನೆಟ್ಟಗೆ ಹಾರಲ್ಲ. ಒಂದು ತಿಂಗಳು ಒಂದು ಡಬ್ಬಿ, ಇನ್ನೊಂದು ತಿಂಗಳು ಹತ್ತು ರೂಪಾಯಿ ಅಗ್ಗದ್ದು. ಪೆಲೆಟ್ ಬದಲಾದ್ರೆ ಬೀಳೋ ಜಾಗಾನೂ ಬದಲು, ಸೊನ್ನೆ ಹೊಸದಾಗಿ ಕೂರಿಸಬೇಕು.

ತಪ್ಪು ನಿಜಕ್ಕೂ ಕೋವೀದೇ ಆಗಿದ್ದೂ ಉಂಟು. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸಿನ 10 ಮೀಟರ್ ಏರ್ ರೈಫಲ್ ಫೈನಲ್. ಅಭಿನವ್ ಬಿಂದ್ರಾ ತಾಲೀಮಿನ ಈಡು ಹೊಡೆದ್ರೆ ಗುಂಡು ಎಲ್ಲೋ! ಸೈಟ್ ಕದಲಿಬಿಟ್ಟಿದೆ. ಅಲ್ಲಿ ಹತ್ತರ ಚುಕ್ಕೆ ಎಷ್ಟಿರುತ್ತೆ ಗೊತ್ತಾ? ಅರ್ಧ ಮಿಲಿಮೀಟರ್, ಸಾಸಿವೆಗಿಂತ ಸಣ್ಣದು. ಆತ ಇದ್ದಷ್ಟು ಹೊತ್ತಲ್ಲೇ ಸರಿ ಮಾಡಿಕೊಂಡು, ಕೊನೇ ಈಡಿಗೆ 10.8 ಹೊಡೆದು, 700.5 ಅಂಕದಲ್ಲಿ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ತಂದ. ‘ತಪ್ಪು ನಂದಲ್ಲ, ಕೋವೀದು’ ಅನ್ನೋಕೆ ಅಷ್ಟು ನಂಬಿಕೆ ಬೇಕು ತನ್ನ ಕೈ ಮೇಲೆ. ನಿಮಗೆ ಒಂದೇ ಈಡಿಗೆ ಬಂದುಬಿಡುತ್ತಲ್ಲ!

ಸರಿ, ಇವತ್ತು ಎಲ್ಲಾ ಬಿಗಿ ಮಾಡಿದ್ರಿ, ಎಣ್ಣೆ ಒರೆಸಿದ್ರಿ, ಐದೂ ಪೆಲೆಟ್ ಒಂದು ರೂಪಾಯಿ ಬಿಲ್ಲೆಯೊಳಗೆ ಬಿತ್ತು. ಭೇಷ್! ಕೋವೀನ ಮೆಲ್ಲಗೆ ಗೋಡೆಗೆ ಒರಗಿಸಿದ್ರಿ. ಅಯ್ಯೋ, ಜಗುಲೀಲಿ ಯಾರದು? ನಿಮ್ಮ ಭಾವ ಅಲ್ವಾ? “ಹೊಸಾದಾ ಇದು?” ಅಂತ, ಸೂಟ್‌ಕೇಸಿನ ಹಿಡಿ ಹಿಡಿದ ಹಾಗೆ ಸ್ಕೋಪನ್ನೇ ಹಿಡ್ಕೊಂಡು ಎತ್ತಿದ್ರಾ? ಬೈಯೋ ಹಾಗಿಲ್ಲ. ಕಾಫಿ ಕೊಡಿ. ಅವರು ಹೋದ ಮೇಲೆ ಇನ್ನೊಂದು ಹಾಳೆ ಹರ್ಕೊಂಡು ಬನ್ನಿ.