ಧೂಳೀಮೀಮಾಂಸೆ ಅಥವಾ ಹಾರ್ಡ್ ಡಿಸ್ಕಿನ ಮಡಿ-ಮೈಲಿಗೆ ನಿರ್ಣಯ

ಮಂಗಳಶ್ಲೋಕವನ್ನು ಕೈಬಿಟ್ಟಿದ್ದೇವೆ. ಈ ಗ್ರಂಥ ಟೈಪಾಗುತ್ತಿರುವ ಕಂಪ್ಯೂಟರು ಆಗಲೇ ಗೊರಗೊರ ಎನ್ನುತ್ತಿದೆ. ಅದು ನಿಲ್ಲುವುದರೊಳಗೆ ಶಾಸ್ತ್ರ ಮುಗಿಯಬೇಕು.

ಮೊದಲು ಲಕ್ಷಣ. ಲೋಕವು ಸಿಪಿಯು ಎಂದು ಕರೆಯುವ, ಆದರೆ ಸಿಪಿಯು ಅಲ್ಲದ ಡಬ್ಬದೊಳಗೆ ಅಂಗೈಯಗಲದ ಲೋಹದ ಪೆಟ್ಟಿಗೆಯೊಂದುಂಟು. ಅದೇ ಹಾರ್ಡ್ ಡಿಸ್ಕ್. ಅದರೊಳಗಿನ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಓದುವ ತಲೆ ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತದೆ. ತಲೆಗೂದಲೊಂದರ ದಪ್ಪ ಇದರ ಸಾವಿರಾರು ಪಟ್ಟು. ಮುಟ್ಟಿದರೆ ಮೈಲಿಗೆ, ಮೈಲಿಗೆಯಾದರೆ ತಂಗಿಯ ಮದುವೆಯ ಫೋಟೋಗಳು ಹೋದಂತೆ. ಇಷ್ಟು ಕಟ್ಟುನಿಟ್ಟಿನ ಮಡಿ ನಮ್ಮ ಅಜ್ಜಿಗೂ ಇರಲಿಲ್ಲ.

ಪ್ರಾಚೀನರ ಆಚಾರ ಬೇರೆ. 1956ರ ಐಬಿಎಂ ರಾಮ್ಯಾಕ್ ಯಂತ್ರದಲ್ಲಿ ಪರಾತದಂಥ, 24 ಇಂಚು ವ್ಯಾಸದ ಐವತ್ತು ತಟ್ಟೆಗಳಿದ್ದವು. ತಲೆ ತಾಗದಿರಲೆಂದು ಕಂಪ್ರೆಸರಿನಿಂದ ಗಾಳಿ ಊದುತ್ತಿದ್ದರು. ಇಷ್ಟೆಲ್ಲ ಸಂಭ್ರಮ ಸುಮಾರು ಐದು ಮೆಗಾಬೈಟಿಗೆ. ಚಿಕ್ಕಪ್ಪ ಕಳಿಸುವ ಶುಭೋದಯದ ವಿಡಿಯೋ ಕೂಡ ಅದರಲ್ಲಿ ಹಿಡಿಸುವುದು ಕಷ್ಟ. 1973ರ ವಿಂಚೆಸ್ಟರ್ ಡಿಸ್ಕಿನಲ್ಲಿ ತಟ್ಟೆ, ತಲೆ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಮೇಲೆ ಮಡಿ ಬಿಗಿಯಾಯಿತು.

ಈಗ ಪೂರ್ವಪಕ್ಷ. "ಧೂಳು ಡಿಸ್ಕಿನೊಳಗೆ ಹೊಕ್ಕು ಕೆಡಿಸುತ್ತದೆ, ಆದ್ದರಿಂದ ಮುಚ್ಚಿಡಬೇಕು" ಎನ್ನುವುದು ಮಾತೃಪಂಥ. ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಡಿಸುತ್ತಿದ್ದ ತೊಂಬತ್ತರ ದಶಕದ ಕಚೇರಿಗಳು ಇದಕ್ಕೆ ಪ್ರಮಾಣ. ಈ ಪಂಥದ ಪ್ರವರ್ತಕಿಯಾದ ಗ್ರಂಥಕರ್ತನ ತಾಯಿ ಹಳೆಯ ಪರದೆಯಲ್ಲಿ ಸಿಪಿಯುಗೆ ಅಂಚುಗಟ್ಟಿದ ಗವಸು ಹೊಲಿದಿದ್ದಾರೆ. ಕಂಪ್ಯೂಟರು ಓಡುವಾಗಲೂ ಅದು ಮೈಮೇಲೆ ಇರುತ್ತದೆ. ರಿಪೇರಿ ಹುಡುಗನದು ವಿರುದ್ಧ ಪಂಥ: "ಸಾರ್, ಇದಕ್ಕೆ ಗಾಳಿ ಆಡ್ಬೇಕು." ಹೀಗೆಂದು ಅವನು ಡಬ್ಬದ ಪಕ್ಕದ ಬಾಗಿಲನ್ನೇ ಕಳಚಿ, ಎದುರಿಗೊಂದು ಟೇಬಲ್ ಫ್ಯಾನ್ ಇಟ್ಟು ಹೋದ. "ಹೀಗೆ ಬಾಯಿ ತೆರೆದಿಟ್ರೆ ಜಿರಳೆ ಸಂಸಾರ ಹೂಡಲ್ವೇನೋ?" ಎಂಬುದು ಮಾತೃಪಂಥದ ಖಂಡನೆ. ಇದಕ್ಕೆ ಉತ್ತರ ಇನ್ನೂ ಬಂದಿಲ್ಲ.

ಸಿದ್ಧಾಂತ ಹೀಗಿದೆ: ಧೂಳು ಡಿಸ್ಕಿನೊಳಗೆ ಹೋಗುವುದೇ ಇಲ್ಲ. ಅದು ಹೊರಗೆ ಕೂತು ಕಂಬಳಿ ಹೊದಿಸುತ್ತದೆ, ಫ್ಯಾನಿನ ರೆಕ್ಕೆಗೆ ಮೆತ್ತಿಕೊಳ್ಳುತ್ತದೆ, ಬಿಸಿಗಾಳಿಯನ್ನು ಒಳಗೇ ಕೂಡಿಹಾಕುತ್ತದೆ. ಗವಸೂ ಮಾಡುವುದು ಅದನ್ನೇ, ಅಂಚುಗಟ್ಟಿದ್ದೊಂದು ವಿಶೇಷ. ಬಾಗಿಲು ಕಳಚಿದರೂ ಕೆಲಸ ಕೆಟ್ಟೀತು: ಮುಂದಿನ ಫ್ಯಾನಿನಿಂದ ಡಿಸ್ಕಿನ ಮೇಲೆ ಹಾಯಬೇಕಾದ ಗಾಳಿ ದಾರಿ ತಪ್ಪಿ ಅಡುಗೆಮನೆ ಕಡೆ ಹೋಗುತ್ತದೆ.

ಇಲ್ಲಿ ಗೂಗಲೀಯರ ಆಕ್ಷೇಪವೊಂದಿದೆ. 2007ರಲ್ಲಿ ಅವರು ಒಂದು ಲಕ್ಷಕ್ಕೂ ಮಿಕ್ಕಿ ಡಿಸ್ಕುಗಳ ಜಾತಕ ಪರಿಶೀಲಿಸಿ, ಬಿಸಿಗೂ ಸಾವಿಗೂ ನಾವೆಣಿಸಿದಷ್ಟು ನಂಟಿಲ್ಲವೆಂದರು; ತೀರ ತಣ್ಣಗಿದ್ದವೇ ಹೆಚ್ಚು ಸತ್ತಿದ್ದವಂತೆ. ವಯಸ್ಸಾದ ಡಿಸ್ಕುಗಳಿಗೆ ಮಾತ್ರ ಅತಿಯಾದ ಬಿಸಿ ಆಗಿಬರಲಿಲ್ಲ. ಗ್ರಂಥಕರ್ತನದು ವಯಸ್ಸಾದ ಡಿಸ್ಕು. ಆದ್ದರಿಂದ ಆಕ್ಷೇಪ ಬಿದ್ದುಹೋಯಿತು.

ಇನ್ನು ಪ್ರಯೋಗಖಂಡ. ಆಯುಧಪೂಜೆಯ ಹಿಂದಿನ ದಿನ ವೈರು ಕಿತ್ತು ಡಬ್ಬ ಬಿಚ್ಚಲಾಯಿತು. ಫ್ಯಾನಿನ ರೆಕ್ಕೆಗಳ ಮೇಲೆ ಬೂದುಬಣ್ಣದ ಮಂದ ಪದರ, ಒಂದು ಮೂಲೆಯಲ್ಲಿ ಊದುಬತ್ತಿಯ ಬೂದಿ, ಒಂದು ಸತ್ತ ಹಲ್ಲಿಮರಿ. ರೆಕ್ಕೆಯನ್ನು ಬೆರಳಿನಿಂದ ಒತ್ತಿಹಿಡಿದು ಬ್ರಷ್ಷಿನಿಂದ ಉಜ್ಜಬೇಕು. ಹಾಗೇ ಊದಿದರೆ ಅದು ಗಿರ್ರನೆ ತಿರುಗಿ ಬೇರಿಂಗ್ ಕೆಡುತ್ತದೆ. ಡಿಸ್ಕನ್ನು ಹೊರತೆಗೆದು ಒಣಬಟ್ಟೆಯಲ್ಲಿ ಒರೆಸಿ ಮೇಜಿನ ಮೇಲಿಟ್ಟು, ಕೈತೊಳೆಯಲು ಹೋದೆ.

ಡಿಸ್ಕಿನ ಮುಚ್ಚಳದ ಮೇಲೆ ಸಣ್ಣ ರಂಧ್ರವೊಂದಿರುತ್ತದೆ. ಒಳಗಿನ ಗಾಳಿಯ ಒತ್ತಡವನ್ನು ಹೊರಗಿನದಕ್ಕೆ ಸರಿತೂಗಿಸಲು ಅದು ಉಸಿರಾಡುವುದು ಅಲ್ಲಿಂದಲೇ. ಧೂಳು ತಡೆಯಲು ಒಳಗೆ ಜಾಳಿಗೆಯೂ ಉಂಟು. ಇದನ್ನು ಮುಚ್ಚಬೇಡಿ ಎಂದು ಪಕ್ಕದಲ್ಲೇ ಇಂಗ್ಲಿಷಿನಲ್ಲಿ ಬರೆದಿರುತ್ತಾರೆ.

ವಾಪಸು ಬಂದಾಗ ರಂಧ್ರದ ಮೇಲೆ ಒದ್ದೆ ಕುಂಕುಮ.

"ಎಷ್ಟು ಚೆನ್ನಾಗಿ ದುಂಡಗೆ ಬೊಟ್ಟಿಡೋಕೆ ಅಂತ್ಲೇ ಜಾಗ ಬಿಟ್ಟಿದಾರೆ ನೋಡೋ," ಎಂದರು ಅಮ್ಮ.