ಡ್ರೈವರ್ ರಾಯರು

ಆಫೀಸಿನಲ್ಲಿ ಎಲ್ಲರೂ ಅವರನ್ನು ಡ್ರೈವರ್ ರಾಯರೆಂದೇ ಕರೆಯುವುದು. ಸೈಕಲ್ ಬಿಟ್ಟರೆ ಬೇರೇನೂ ಓಡಿಸಲು ಬಾರದು. ಮೂಲೆಯ ರೂಮಿನ ಲಿನಕ್ಸ್ ಸರ್ವರ್ ಅವರ ಸುಪರ್ದಿ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ರಾಯರ ಕಣ್ಣು ನೆಡುವುದು ಡಬ್ಬದ ಮೇಲೆ ‘ವಿಂಡೋಸ್’ ಎಂದಷ್ಟೇ ಬರೆದಿರುವ ನೆಟ್‌ವರ್ಕ್ ಕಾರ್ಡಿನ ಮೇಲೆ. ತಂಟೆಯಿಲ್ಲದೆ ನಡೆಯುವ ಇಂಟೆಲ್ ಕಾರ್ಡನ್ನು ಅಂಗಡಿಯವನು ತೋರಿಸಿದರೆ ಮುಖ ಸಿಂಡರಿಸುತ್ತಾರೆ. “ಹಾಕಿದ ತಕ್ಷಣ ಕೆಲಸ ಮಾಡಿಬಿಟ್ರೆ ನಾನ್ಯಾಕ್ರೀ ಇರಬೇಕು?” ನ್ಯಾಯವಾದ ಪ್ರಶ್ನೆ. ಮಾಲೀಕರೂ ಆಗಾಗ ಅದನ್ನೇ ಕೇಳಿಕೊಳ್ಳುತ್ತಾರೆ.

ಕಾರ್ಡು ಕೂರಿಸಿದ ಮೇಲೆ ‘ಎಲ್‌ಎಸ್‌ಪಿಸಿಐ’ ಹೊಡೆದು ಜಾತಕ ನೋಡುತ್ತಾರೆ. 10ಇಸಿ ಅಂದರೆ ರಿಯಲ್‌ಟೆಕ್, 8125 ಅಂದರೆ ಎರಡೂವರೆ ಗಿಗಾಬಿಟ್ ಚಿಪ್ಪು. ಈ ಚಿಪ್ಪಿನ ಡ್ರೈವರ್ ಲಿನಕ್ಸ್ ಕರ್ನಲ್‌ಗೆ ಬಂದದ್ದು 2019ರಲ್ಲಿ, 5.4ನೇ ಆವೃತ್ತಿಯಲ್ಲಿ. ರಾಯರ ಸರ್ವರ್‌ನಲ್ಲಿರುವುದು ಸೆಂಟ್‌ಒಎಸ್ 7, ಅದರ ಕರ್ನಲ್ 3.10. ಹೊಸದಕ್ಕೆ ಏರಿಸಿದರೆ ಮುಗಿಯಿತಲ್ಲ ಎಂದು ಯಾವನೋ ಹೊಸ ಹುಡುಗ ಬಾಯಿಬಿಟ್ಟರೆ, “ಅದು ಸೋಮಾರಿಗಳ ದಾರಿ ಕಣಪ್ಪಾ” ಎಂದು ಅವನನ್ನು ಕಾಫಿಗೆ ಕಳಿಸುತ್ತಾರೆ.

ಡ್ರೈವರನ್ನು ತಾವೇ ಕಂಪೈಲ್ ಮಾಡಬೇಕು. ಅದಕ್ಕೆ ಕಂಪೈಲರ್ ಬೇಕು, ಕರ್ನಲ್ ಹೆಡರ್‌ಗಳು ಬೇಕು. ಅವು ಇಂಟರ್ನೆಟ್ಟಿನಲ್ಲಿವೆ, ಇಂಟರ್ನೆಟ್ಟು ಈ ಕಾರ್ಡು ನಡೆದರೆ ಉಂಟು. ಕೊನೆಗೆ ಅಟೆಂಡರ್‌ನ ಮೊಬೈಲನ್ನು ಯುಎಸ್‌ಬಿ ಕೇಬಲ್ಲಿನಿಂದ ಸರ್ವರ್‌ಗೆ ಕಟ್ಟಿ, ಅವನ ಡೇಟಾ ಖರ್ಚಿನಲ್ಲಿ ಎಲ್ಲ ಇಳಿಸಿಕೊಳ್ಳುತ್ತಾರೆ. ಅವನೋ ಮೊಬೈಲ್ ಹಿಡಿದು ಅಲ್ಲಾಡದೆ ನಿಂತಿರಬೇಕು. ಹೆಂಡತಿಯ ಫೋನ್ ಬಂದರೂ ರ‍್ಯಾಕ್‌ಗೆ ಕಿವಿ ಹಚ್ಚಿಯೇ ಮಾತಾಡಬೇಕು.

ಹಳೆಯ ಕಾಲದ ಮಾತು ತೆಗೆದರೆ ರಾಯರ ಕಣ್ಣು ತುಂಬುತ್ತದೆ. ಬ್ರಾಡ್‌ಕಾಮ್ ವೈಫೈ ಕಾರ್ಡುಗಳಿಗೆ ಲಿನಕ್ಸ್ ಡ್ರೈವರ್ ಇಲ್ಲದ ದಿನಗಳಲ್ಲಿ ‘ಎನ್‌ಡಿಐಎಸ್‌ರ‍್ಯಾಪರ್’ ಹಾಕಿ, ವಿಂಡೋಸ್ ಎಕ್ಸ್‌ಪಿಯ ಡ್ರೈವರನ್ನೇ ಲಿನಕ್ಸಿನಲ್ಲಿ ದುಡಿಸಿದವರು ಅವರು. ಫ್ರೀಬಿಎಸ್‌ಡಿಯಲ್ಲಿ ಇದೇ ಕೆಲಸಕ್ಕೆ ಬಿಲ್ ಪಾಲ್ ಬರೆದ ತಂತ್ರಾಂಶದ ಅಡ್ಡಹೆಸರು ‘ಪ್ರಾಜೆಕ್ಟ್ ಈವಿಲ್’. ಆ ಹೆಸರು ಹೇಳುವಾಗ ರಾಯರು ಕೆನ್ನೆ ಬಡಿದುಕೊಳ್ಳುವುದೊಂದು ಬಾಕಿ.

ಒಂದು ಭಾನುವಾರ ಮನೆಯಿಂದಲೇ ಎಸ್‌ಎಸ್‌ಎಚ್‌ನಲ್ಲಿ ಸರ್ವರ್‌ಗೆ ಹೊಕ್ಕು ಡ್ರೈವರ್‌ನ ಹೊಸ ಆವೃತ್ತಿ ಹಾಕಲು ಹೊರಟರು. ಹಳೆಯ ಮಾಡ್ಯೂಲ್ ತೆಗೆದರು. ಹೊಸದನ್ನು ಹಾಕುವ ಆಜ್ಞೆ ಟೈಪ್ ಮಾಡುತ್ತಾರೆ, ಪರದೆಯಲ್ಲಿ ಒಂದಕ್ಷರವೂ ಮೂಡದು. ಎರಡೂ ಆಜ್ಞೆಗಳನ್ನು ಒಂದೇ ಸಾಲಿನಲ್ಲಿ ಕೊಡಬೇಕೆಂದು ಊರಿಗೆಲ್ಲ ಪಾಠ ಹೇಳುವವರೂ ಇವರೇ. ವಾಚ್‌ಮನ್‌ಗೆ ಫೋನ್ ಹೋಯಿತು. “ರೀಸೆಟ್ ಬಟನ್ ತಾನೇ ಸಾರ್? ಆಗ್ಲೇ ಅದರ ಮುಂದೇನೇ ನಿಂತಿದೀನಿ,” ಅಂದ ಆತ.

ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಡ್ರೈವರನ್ನು ತಾನಾಗಿಯೇ ಮತ್ತೆ ಕಟ್ಟಿಕೊಡುವ ಡಿಕೆಎಂಎಸ್ ಎಂಬ ಸೌಕರ್ಯವಿದೆ. ರಾಯರು ಅದನ್ನು ಹಾಕಿಲ್ಲ. ಬದಲಿಗೆ ಸರ್ವರ್ ಮೇಲೆ ‘ದಯವಿಟ್ಟು ರೀಬೂಟ್ ಮಾಡಬೇಡಿ’ ಎಂಬ ಚೀಟಿ ಅಂಟಿಸಿದ್ದಾರೆ.

ನೀವು ಕಾರ್ಡು ಕೊಳ್ಳುವುದಿದ್ದರೆ ಡಬ್ಬದ ಬ್ರ್ಯಾಂಡ್ ನೋಡಿ ಮರುಳಾಗಬೇಡಿ. ಒಳಗಿನ ಚಿಪ್ಪು ಯಾವುದೆಂದು ಕೇಳಿ, ಅದರ ಡ್ರೈವರ್ ನಿಮ್ಮ ಕರ್ನಲ್‌ನಲ್ಲೇ ಇದೆಯೇ ನೋಡಿಕೊಳ್ಳಿ. ಅಂಗಡಿಗೆ ಮಾತ್ರ ರಾಯರನ್ನು ಕರೆದುಕೊಂಡು ಹೋಗಬೇಡಿ.