ಒಂದು ಸೀರೆ, ಎಂಟು ಕನ್ನಡಕ

ಗಿರಾಕಿಯೂ ಅಂಗಡಿಯವರೂ ಎದುರುಬದುರು ಕೂತು, ತಲೆಗೆ ಕನ್ನಡಕ ಬಿಗಿದುಕೊಂಡು, ಇನ್ನೂ ಹುಟ್ಟದ ಸರಕನ್ನು ಗಾಳಿಯಲ್ಲಿ ತೇಲಿಸಿ ಬೇಕಾದಂತೆ ತಿದ್ದಿಕೊಳ್ಳುವುದೂ ಮಿಕ್ಸೆಡ್ ರಿಯಾಲಿಟಿ ಎಂಬ ವಿದ್ಯೆಯ ಒಂದು ಉಪಯೋಗ. 'ಎಲ್ಲರೂ ಒಟ್ಟಿಗೆ ಕೂತು ತೀರ್ಮಾನಿಸಬಹುದು' ಎಂಬುದು ಇದರ ಹೆಗ್ಗಳಿಕೆ. ಪಾಪ, ಇದನ್ನು ಕಂಡುಹಿಡಿದವರು ಮದುವೆ ಜವಳಿ ತೆಗೆಯುವ ದಿನ ಚಿತ್ರದುರ್ಗದ ಲಕ್ಷ್ಮೀ ಬಜಾರಿಗೆ ಬಂದವರಲ್ಲ. ನಮ್ಮಲ್ಲಿ ಒಬ್ಬರೇ ತೀರ್ಮಾನಿಸುವ ಯಂತ್ರ ಬಂದರೆ ಅದು ಆವಿಷ್ಕಾರ.

ಆದರೂ ನಮ್ಮೂರಿಗೆ ಬಂತು ಅಂತಲೇ ಇಟ್ಟುಕೊಳ್ಳಿ. ಹೊಳಲ್ಕೆರೆಯ ಬೀಗರು, ಹಿರಿಯೂರಿನ ಅತ್ತೆ, ಹೊಸದುರ್ಗದ ಸೋದರಮಾವ, ಹೀಗೆ ಎಂಟು ಮಂದಿ ಜಮಖಾನದ ಮೇಲೆ ಕೂತಿದ್ದಾರೆ. ಎದುರಿಗೆ ಮೊಳಕಾಲ್ಮೂರು ಸೀರೆ ತೇಲುತ್ತಿದೆ. ಆಪಲ್‌ನವರು 2024ರಲ್ಲಿ ಬಿಟ್ಟಾಗ ಇಂಥ ಕನ್ನಡಕವಾದ ವಿಷನ್ ಪ್ರೋಗೆ ಅಮೆರಿಕದಲ್ಲೇ 3,499 ಡಾಲರ್ ಇತ್ತು. ಎಂಟು ತಲೆಗೆ ಎಂಟು ಕೊಂಡರೆ ಸೀರೆಗಿರಲಿ, ಮದುವೆಗೇ ದುಡ್ಡು ಉಳಿಯದು. ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್ 2 ಇತ್ತಲ್ಲ ಅಂತೀರಾ? ಅದರ ತಯಾರಿಕೆಯನ್ನು 2024ರಲ್ಲೇ ನಿಲ್ಲಿಸಿಬಿಟ್ಟರು. ಇದ್ದಾಗಲೂ ಅದರಲ್ಲಿ ಚಿತ್ರ ಮೂಡುತ್ತಿದ್ದುದು ಮೂಲೆಯಿಂದ ಮೂಲೆಗೆ 52 ಡಿಗ್ರಿಯಷ್ಟು ಜಾಗದಲ್ಲಿ. ಸೆರಗು ನೋಡಿದರೆ ಅಂಚು ಮಾಯ, ಅಂಚಿಗೆ ತಲೆ ಬಗ್ಗಿಸಿದರೆ ಸೆರಗು ಮಾಯ. ಥೇಟ್ ಓಬವ್ವನ ಕಿಂಡಿ. ಅಲ್ಲಿ ತಲೆ ತೂರಿಸಿದವರಿಗೆ ಒಳಗೇನು ಕಾದಿತ್ತೆಂದು ದುರ್ಗದವರಿಗೆ ಹೇಳಬೇಕಿಲ್ಲ; ಇಲ್ಲಿ ಒನಕೆಯ ಬದಲು ಅಂಗಡಿಯ ಬಿಲ್ಲು.

ಇನ್ನೊಂದು ತಮಾಷೆ. ಪಾರದರ್ಶಕ ಗಾಜಿನ ಮೇಲೆ ಬೆಳಕು ಚೆಲ್ಲಿ ಚಿತ್ರ ಮೂಡಿಸುವ ಯಂತ್ರವಾದ್ದರಿಂದ ಹೋಲೋಲೆನ್ಸಿಗೆ ಕಪ್ಪು ತೋರಿಸಲು ಬರುವುದಿಲ್ಲ. ಕಪ್ಪಿರಬೇಕಾದ ಕಡೆ ಹಿಂದಿನ ಗೋಡೆ ಕಾಣುತ್ತದೆ. ಮದುವೆ ಜವಳಿಯಲ್ಲಿ ಕಪ್ಪು ಬೇಡವೆಂಬ ನಮ್ಮ ಅಜ್ಜಿಯರ ಶಾಸ್ತ್ರವನ್ನು ಅಮೆರಿಕವೂ ಒಪ್ಪಿತು ಎಂದು ಇನ್ನು ಯಾರಾದರೂ ಭಾಷಣ ಬಿಗಿಯುವುದೊಂದು ಬಾಕಿ. ಆದರೆ ಅತ್ತೆಯ ಪರೀಕ್ಷೆ ಬೇರೆ. ಸೆರಗಿನ ತುದಿಯನ್ನು ಬೆರಳಲ್ಲಿ ಹೊಸಕಿ, ಅಂಗಡಿ ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದು, ಓರೆಗಣ್ಣಲ್ಲಿ ಬೀಗಿತ್ತಿಯ ಮುಖ ನೋಡಬೇಕು. ಇಲ್ಲಿ ಹೊಸಕಲು ಬಟ್ಟೆಯಿಲ್ಲ, ಬಿಸಿಲಿಗೆ ಹೋದರೆ ಸೀರೆಯೇ ಮಸುಕು, ಬೀಗಿತ್ತಿಯ ಅರ್ಧ ಮುಖ ಕನ್ನಡಕದೊಳಗೆ. ಒಪ್ಪಿದರೋ, ಮೂತಿ ತಿರುವಿದರೋ, ತಿಳಿಯುವುದು ಹೇಗೆ?

ಅಷ್ಟರಲ್ಲಿ ಮದುಮಗಳು ಗಾಳಿಯಲ್ಲಿ ಬೆರಳು ಚಿವುಟಿ ಅಂಚಿನ ಗಿಳಿಯನ್ನು ನವಿಲು ಮಾಡಿದಳು, ನವಿಲನ್ನು ಮಾವಿನಕಾಯಿ ಮಾಡಿದಳು. ಎರಡು ಸೆಕೆಂಡಿನ ಕೆಲಸ. ಅತ್ತ ಮೊಳಕಾಲ್ಮೂರಿನಲ್ಲಿ ನೇಕಾರ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು, ಮೈಗೊಂದು, ಎರಡು ಅಂಚಿಗೆ ಒಂದೊಂದು, ಮೂರು ಲಾಳಿ ಆಡಿಸುತ್ತಿದ್ದಾನೆ. ಗಿಳಿ ನವಿಲಾದರೆ ಆತ ಚಿತ್ತಾರ ಮೂಡಿಸುವ ಜಕಾರ್ಡಿಗೆ ಹೊಸ ತೂತಿನ ಕಾರ್ಡು ಹೊಡೆಸಬೇಕು. ಅಂಚಿನ ಬಣ್ಣ ಬದಲಾದರೆ ಆ ಅಂಚಿನ ಹಾಸನ್ನೇ ಹೊಸದಾಗಿ ಹೂಡಬೇಕು. 'ಎಲ್ಲರೂ ಒಟ್ಟಿಗೆ' ಕೂತ ಜಮಖಾನದ ಮೇಲೆ ಆತನಿಗೆ ಜಾಗವಿಲ್ಲ. ಒಂಬತ್ತನೆಯ ಕನ್ನಡಕದ ಮಾತನ್ನು ಯಾರೂ ಎತ್ತಿಯೂ ಇಲ್ಲ.

ಗಂಟೆ ಹೊತ್ತು ಕಳೆದ ಮೇಲೆ ಅತ್ತೆ ಕನ್ನಡಕ ಕಳಚಿ, ಮೂಗಿನ ಮೇಲೆ ಬಿದ್ದ ಗೆರೆ ತಿಕ್ಕಿಕೊಂಡು ಅಂದರು: "ಪಿಚ್ಚರ್ ಚೆನ್ನಾಗಿತ್ತು ಕಣಪ್ಪ. ಈಗ ಸೀರೆ ತೆಗಿ, ನೋಡಾಣ."